ಪಾಸ್ತಾ ಚಿಟ್ಟೆ, ಜ್ವರಕ್ಕೆ ಕೂತ ಹುಳು

ಶಾಲೆಯಲ್ಲಿ 'ಚಿಟ್ಟೆಯ ಜೀವನಚಕ್ರ' ಪ್ರಾಜೆಕ್ಟ್ ಕೊಟ್ಟರೆಂದರೆ ಯಲಹಂಕ ಉಪನಗರದಿಂದ ಆರ್.ಟಿ. ನಗರದವರೆಗೆ ಅಪ್ಪ ಅಮ್ಮಂದಿರು ಫೆವಿಕಾಲ್ ಹಿಡಿದು ಕೂರುತ್ತಾರೆ. ಥರ್ಮಾಕೋಲ್ ಹಾಳೆಯ ಮೇಲೆ ಸಾಬಕ್ಕಿಯ ಮೊಟ್ಟೆ, ಸುರುಳಿ ಪಾಸ್ತಾದ ಹುಳು, ಚಿಪ್ಪಿನಾಕಾರದ ಪಾಸ್ತಾದ ಕೋಶ, ಬೋ ಪಾಸ್ತಾದ ಚಿಟ್ಟೆ. ನಡುವೆ ಸ್ಕೆಚ್ ಪೆನ್ನಿನ ಬಾಣಗಳು. ನೋಡಲು ಚೆಂದ, ಅಂಕಕ್ಕೂ ಮೋಸವಿಲ್ಲ. ನನ್ನ ತಕರಾರು ಆ ಬಾಣಗಳ ಬಗ್ಗೆ. ಅವು ಎಂದೂ ಗುರಿ ತಪ್ಪುವುದಿಲ್ಲ. ಇಟ್ಟ ಮೊಟ್ಟೆಯೆಲ್ಲ ಹುಳುವಾಗುತ್ತದೆ, ಹುಳುವೆಲ್ಲ ಚಿಟ್ಟೆಯಾಗುತ್ತದೆ. ಗಿಡ ಇದ್ದರೂ ಅಲಂಕಾರಕ್ಕೆ. ಸಾವನ್ನೂ ಸೊಪ್ಪನ್ನೂ ಬಿಟ್ಟು ಹೇಳುವ ಈ ಪಾಠ ಅರ್ಧ ಪಾಠ.

ನರ್ಸರಿಗಳಿಗೆ ಪ್ರಿಯವಾದ, ಎರಿಕ್ ಕಾರ್ಲ್ ಅವರ 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಪುಸ್ತಕಕ್ಕೂ ಇದೇ ಮಾತು. ಎಣಿಕೆ, ವಾರದ ದಿನ ಕಲಿಸಲು ಅದರಷ್ಟು ಸೊಗಸಾದದ್ದು ಅಪರೂಪ. ಆದರೆ ಅದರ ಹುಳು ಸೇಬು, ಕೇಕು, ಐಸ್‌ಕ್ರೀಮು ಎಲ್ಲವನ್ನೂ ಮುಕ್ಕುತ್ತದೆ. ನಮ್ಮ ಬಾಲ್ಕನಿಯ ಕರಿಬೇವಿನ ಮೇಲೆ ಕಾಮನ್ ಮಾರ್ಮನ್ ಚಿಟ್ಟೆ ಇಟ್ಟ ಮೊಟ್ಟೆಯಿಂದ ಬಂದ ಹುಳು ಹಾಗಲ್ಲ. ಕರಿಬೇವು, ನಿಂಬೆಯ ಬಳಗದ ಎಲೆ ಬಿಟ್ಟು ದಾಸವಾಳ ಕೊಟ್ಟರೆ ಉಪವಾಸ ಸಾಯುತ್ತದೆ, ಬಾಯಿ ಹಾಕುವುದಿಲ್ಲ. ಗಿಡ ಕಡಿದರೆ ಚಿಟ್ಟೆ ಏಕೆ ಇರುವುದಿಲ್ಲ ಎಂಬುದು ಮಗುವಿಗೆ ಇದರಿಂದ ತಾನಾಗಿ ಹೊಳೆಯುತ್ತದೆ.

ಈಚೆಗೆ ಕೆಲವು ಶಿಕ್ಷಕರು ಕರಿಬೇವಿನ ಹುಳುವನ್ನೇ ಡಬ್ಬಿಯಲ್ಲಿ ಸಾಕಿ ತೋರಿಸುತ್ತಾರೆ. ಚಾರ್ಟ್‌ಗಿಂತ ನೂರು ಪಾಲು ಮೇಲು. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳು ಕೊನೆಗೆ ಹಸಿರಾಗುವುದು, ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ವಾಸನೆ ಬಿಡುವುದು ಯಾವ ಪುಸ್ತಕಕ್ಕೂ ನಿಲುಕದ ಸಂಗತಿ. ಎಡವಟ್ಟಾಗುವುದು ಕೋಶದಿಂದ ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬಂದಾಗ. 'ಹಾಳಾಯ್ತು' ಎಂದು ಡಬ್ಬಿ ತೊಳೆದಿಡುತ್ತಾರೆ. ಅಸಲಿ ಪಾಠ ಶುರುವಾಗಬೇಕಿದ್ದದ್ದೇ ಅಲ್ಲಿ. ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಕೆಲಸದ ದೊಡ್ಡ ಪಾಲು ಇಂಥ ಕಣಜಗಳದ್ದೇ. ಪಪ್ಪಾಯಿ ತೋಟಗಳನ್ನು ಹಿಟ್ಟು ತಿಗಣೆ ಹಾಳುಗೆಡವುತ್ತಿದ್ದಾಗ, 2010ರಲ್ಲಿ, ಪೋರ್ಟೊ ರಿಕೊದಿಂದ ತರಿಸಿದ ಪುಟ್ಟ ಕಣಜವೊಂದನ್ನು ಬೆಳೆಸಿ ಬಿಟ್ಟು ಅದನ್ನು ಹತೋಟಿಗೆ ತಂದದ್ದು ಇದೇ ಸಂಸ್ಥೆ. ರೈತ ಮಿತ್ರಕೀಟ ಎನ್ನುವುದನ್ನು ಮಗುವಿನಿಂದ ಮುಚ್ಚಿಡುವುದು ಯಾವ ನ್ಯಾಯ?

ಬೆಂಗಳೂರಿನ ಉತ್ತರದಲ್ಲಿ ಕೂತು ರೇಷ್ಮೆ ಹುಳುವನ್ನು ಬಿಟ್ಟು ಕೀಟದ ಪಾಠ ಮಾಡುವುದಂತೂ ವಿಚಿತ್ರ. ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದ ಹಾದಿಯುದ್ದಕ್ಕೂ ಹಿಪ್ಪುನೇರಳೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ರೇಷ್ಮೆ ಕೃಷಿ ವಿಭಾಗವಿದೆ. ಆದರೆ ರೇಷ್ಮೆ ಹುಳುವಿನ ಬದುಕು ಹೇಳುತ್ತಿದ್ದ, ಏಳನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ನಾರು-ಬಟ್ಟೆ ಪಾಠವನ್ನು 2022ರ ಪಠ್ಯ ಕಡಿತದಲ್ಲಿ ಕೈಬಿಡಲಾಯಿತು. ಮೊಟ್ಟೆ ಒಡೆದ ಮೇಲೆ ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಮುಗಿಯುವ ಹುಳುವಿನ ಬಾಳು, ಎರಡು ಟೆಸ್ಟ್‌ಗಳ ನಡುವೆ ಹಿಡಿಸುವಷ್ಟೇ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ, ಸೊಪ್ಪು ಮುಟ್ಟದೆ, ಅಲುಗದೆ ಕೂತು ಪೊರೆ ಬಿಡುತ್ತದೆ. ಹುಟ್ಟಿದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಜೀವಮಾನದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಐದನೇ ಹಂತದಲ್ಲೇ ಖರ್ಚು. ಆಗ ಹುಳುಮನೆಯಲ್ಲಿ ಮಳೆ ಬಂದ ಸದ್ದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು.

ಬಾಣ ಮುರಿಯುವುದು ಇಲ್ಲಿಂದ. ಚಿಟ್ಟೆ ಗೂಡು ತೂತು ಮಾಡಿದರೆ ನೂಲು ತುಂಡು; ಅದಕ್ಕೇ ಮಾರುಕಟ್ಟೆಗೆ ಹೋದ ಗೂಡಿನೊಳಗಿನ ಕೋಶಕ್ಕೆ ಬಿಸಿ ತಾಗಿಸಿ ಕೊಲ್ಲುತ್ತಾರೆ. ಬಿತ್ತನೆ ಗೂಡಿಗಷ್ಟೇ ಚಿಟ್ಟೆಯಾಗುವ ಭಾಗ್ಯ. ಅದೂ ಹಾರಲಾರದು, ತಿನ್ನಲಾರದು. ಕೂಡಿ, ನಾನೂರು ಐನೂರು ಮೊಟ್ಟೆಯಿಟ್ಟು ಸಾಯುತ್ತದೆ. ಗಂಟುರೋಗ ಇದೆಯೇ ಎಂದು ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವ ಪದ್ಧತಿ ಲೂಯಿ ಪಾಶ್ಚರ್ ಕಾಲದ್ದು. ಎಂಟು ವರ್ಷದ ಮಗುವಿಗೆ ಇದೆಲ್ಲ ಬೇಕೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಒಂದನೇ ತರಗತಿಗೆ ಹುಳು ಸೊಪ್ಪು ತಿನ್ನುವ ಸದ್ದೇ ಸಾಕು. ಆದರೆ ಐದನೇ ತರಗತಿಯ ಹುಡುಗಿ 'ಒಳಗಿರೋದು ಏನಾಗುತ್ತೆ ಮಿಸ್?' ಎಂದು ಕೇಳಿದಾಗ ಮಾತು ಹಾರಿಸುವುದು ಕರುಣೆಯಲ್ಲ. ಮನೆಯಲ್ಲಿ ಅವಳಜ್ಜಿಯ ಮದುವೆ ಸೀರೆ ಇದ್ದೀತು.

ಕಪ್ಪೆ, ಜಿರಳೆ, ಏರೋಪ್ಲೇನ್ ಚಿಟ್ಟೆಗಳಿಗೂ ಜಾಗ ಸಿಗಬೇಕು. ಜಿರಳೆಗೆ ಕೋಶದ ಹಂತವೇ ಇಲ್ಲ ಎಂದರೆ ನಂಬದ ಮಕ್ಕಳಿದ್ದಾರೆ. ಅದಕ್ಕಿಂತ ತುರ್ತಿನದ್ದು ಸೊಳ್ಳೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡ ಗೊತ್ತುಮಾಡಿತು. ಬಿಸಿಲುಗಾಲದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಬೇಕಾದದ್ದು ವಾರ ಹತ್ತು ದಿನ; ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಎನ್ನುವುದು ಆ ಲೆಕ್ಕದಿಂದ. ಬರಿದು ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಬೇಕು. ಈಡಿಸ್ ಸೊಳ್ಳೆ ನೀರಿನಂಚಿಗೆ ಅಂಟಿಸಿಟ್ಟ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ.