ಕಳಸೆಯಲ್ಲಿ ಮನಿಪ್ಲಾಂಟ್

ಬೆಂಗಳೂರಿನಲ್ಲಿ ಈಗ ಯಾರದಾದರೂ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋದರೆ ಈ ಮೂರರಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಬಾಗಿಲ ಪಕ್ಕ ಒಂದು ಮರದ ಕಳಸೆ, ಅದರೊಳಗೆ ಮನಿಪ್ಲಾಂಟ್. ಟೀಪಾಯಿ ಮೇಲೆ ಒಂದು ಚೆನ್ನೆಮಣೆ, ಗುಳಿಗುಳಿಗೂ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ. ಟಿವಿ ಇರುವ ಗೋಡೆಯಲ್ಲಿ ಪಂಜುರ್ಲಿಯ ಮುಖ, ಅದರ ಹಿಂದೆ ಹಳದಿ ಎಲ್‌ಇಡಿ ಪಟ್ಟಿ. ಮೂರನೆಯದು 2022ರಲ್ಲಿ ‘ಕಾಂತಾರ’ ಬಂದ ಮೇಲೆ ಜೋರಾಯಿತು. ಮೊದಲಿನ ಎರಡು ಅದಕ್ಕೂ ಮುಂಚೆಯೇ ಇದ್ದವು. ಎಲ್ಲಿಂದ ತಂದದ್ದು ಅಂತ ಕೇಳಿದರೆ ‘ಆಂಟಿಕ್, ಮಂಗಳೂರು ಕಡೆಯದ್ದು’ ಎನ್ನುತ್ತಾರೆ. ಮಾರಿದವನೂ ಅವರಿಗೆ ಅಷ್ಟೇ ಹೇಳಿರುತ್ತಾನೆ.

ನಾನು ಆ ‘ಮಂಗಳೂರು ಕಡೆ’ಯವ. ಸರಿಯಾಗಿ ಹೇಳಬೇಕೆಂದರೆ ಜಾಲ್ಸೂರಿನವ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವಾಗ ಕಾಸರಗೋಡಿನ ರಸ್ತೆ ಕವಲೊಡೆಯುವ ಊರು. ಹಳೇ ಸಾಮಾನು ಸಂಗ್ರಹಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಊರಿನಲ್ಲಿ ಎಷ್ಟೋ ಕಳಸೆಗಳು ಬಚ್ಚಲೊಲೆಗೆ ಹೋದದ್ದನ್ನು ಕಂಡವನಿಗೆ ಅದು ಫ್ಲ್ಯಾಟಿನಲ್ಲಾದರೂ ಬದುಕಿದೆಯಲ್ಲ ಅನ್ನಿಸುವುದು ಸಹಜ. ಆದರೆ ಸಿನಿಮಾಕ್ಕೆ, ಪುಸ್ತಕಕ್ಕೆ, ಹೋಟೆಲಿನ ನೀರುದೋಸೆಗೆ ಕೂಡ ವಿಮರ್ಶೆ ಬರೆಯುವ ನಾವು ಸಂಗ್ರಹಗಳಿಗೆ ಯಾಕೆ ಬರೆಯುವುದಿಲ್ಲ? ‘ಎಷ್ಟು ಚಂದ ಉಂಟಲ್ಲ’ ಎಂದು ಫೋಟೋ ಹೊಡೆದು ಬರುತ್ತೇವೆ. ಸಂಗ್ರಹವೂ ಒಂದು ಕತೆ ಹೇಳುತ್ತದೆ. ಯಾರ ಕತೆ ಹೇಳುತ್ತದೆ, ಯಾರದ್ದನ್ನು ಬಿಡುತ್ತದೆ ಎಂದು ನೋಡಬೇಕಲ್ಲ ಮಾರಾಯ್ರೆ.

ಕಳಸೆಯಿಂದಲೇ ಶುರು ಮಾಡೋಣ. ಅದು ಹೂಕುಂಡ ಅಲ್ಲ, ಅಳತೆಯ ಪಾತ್ರೆ. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಮುಡಿ ಎಂದರೆ ಬೈಹುಲ್ಲಿನಲ್ಲಿ ಉರುಟಾಗಿ ಕಟ್ಟಿದ ಅಕ್ಕಿಯ ಕಟ್ಟು. ಒಕ್ಕಲು ಧಣಿಗೆ ವರ್ಷವರ್ಷ ಕೊಡಬೇಕಾದ ಗೇಣಿಯನ್ನು ಹೇಳುತ್ತಿದ್ದದ್ದು ಈ ಮುಡಿಯ ಲೆಕ್ಕದಲ್ಲಿ, ಅಳೆಯುತ್ತಿದ್ದದ್ದು ಈ ಕಳಸೆಯಲ್ಲಿ. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಧಣಿಗೆ ಮನಸ್ಸು ಬಂದರೆ ಗೇಣಿ ಏರಿಸಬಹುದು, ಬೇಡವೆಂದರೆ ಎಬ್ಬಿಸಬಹುದು. ಮೂಲಗೇಣಿಯವರಿಗಿದ್ದ ಭದ್ರತೆ ಚಾಲಗೇಣಿಯವರಿಗೆ ಇರಲಿಲ್ಲ. ‘ತೆಗೆದುಕೊಳ್ಳುವ ಕಳಸೆ ಬೇರೆ, ಕೊಡುವ ಕಳಸೆ ಬೇರೆ’ ಎಂದು ಅಜ್ಜ ಹೇಳುತ್ತಿದ್ದರು. ನಮಗೆ ಮಕ್ಕಳಿಗೆ ಅದು ಒಗಟು. ಗೇಣಿ ಅಳೆದುಕೊಳ್ಳುವಾಗ ಧಣಿಯ ಮನೆಯ ಕಳಸೆ ಯಾಕೋ ಸ್ವಲ್ಪ ದೊಡ್ಡದಾಗುತ್ತಿತ್ತು ಎಂಬುದು ಅದರ ಅರ್ಥ ಅಂತ ದೊಡ್ಡವನಾದ ಮೇಲೆ ಗೊತ್ತಾಯಿತು.

1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಒಕ್ಕಲುಗಳು ಫಾರ್ಮ್ ನಂಬರ್ 7ರಲ್ಲಿ ಡಿಕ್ಲರೇಷನ್ ಕೊಟ್ಟರು. ಉಳುವವನಿಗೆ ಭೂಮಿ ಬಂತು. ನಾನು ಬಿಇ ಓದಿದ್ದರ ಬುಡದಲ್ಲಿ ಆ ಒಂದು ಫಾರ್ಮ್ ಉಂಟು. ಗೇಣಿಯ ಅಕ್ಕಿ ಬರುವುದು ನಿಂತ ಮೇಲೆ ದೊಡ್ಡ ದೊಡ್ಡ ಮನೆಗಳನ್ನು ನಡೆಸುವುದು ಕಷ್ಟವಾಯಿತು. ಪಾಲಾಯಿತು, ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಹೋದರು, ಹಂಚು ಸೋರಿತು, ಕೊನೆಗೆ ಕಂಬ, ಬಾಗಿಲು, ಮುಚ್ಚಿಗೆ ವ್ಯಾಪಾರಕ್ಕೆ ಬಂದವು. ಇವತ್ತು ‘ಆಂಟಿಕ್’ ಎಂದು ಪೇಟೆಯಲ್ಲಿ ಸಿಗುವ ಎಷ್ಟೋ ಮರದ ಸಾಮಾನುಗಳು ಹೊರಬಿದ್ದ ದಾರಿ ಇದು. ಹಾಗಾಗಿ ಮನಿಪ್ಲಾಂಟಿನ ಕಳಸೆ ನೋಡಿ ‘ಅಯ್ಯೋ ನಮ್ಮ ಹಳ್ಳಿಯ ಆ ಚಂದದ ದಿನಗಳು’ ಎಂದು ಯಾರಾದರೂ ಕರಗಿದರೆ ನನಗೆ ನಗು ಬರುತ್ತದೆ. ಯಾರ ಚಂದದ ದಿನಗಳು?

ಇದೇ ಪ್ರಶ್ನೆ ಹಿಡಿದುಕೊಂಡು ನಮ್ಮ ಕರಾವಳಿಯ ಎರಡು ದೊಡ್ಡ ಸಂಗ್ರಹಗಳನ್ನು ನೋಡಬಹುದು. ಒಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಹುಚ್ಚು ಹಿಡಿದವರ ಹಾಗೆ ದುಡಿದು ಕಟ್ಟಿದ್ದು. ಬೀಳುವ ಮನೆಗಳನ್ನು ಬಿಚ್ಚಿ ತಂದು, ತುಂಡು ತುಂಡು ಜೋಡಿಸಿ, ಮತ್ತೆ ನಿಲ್ಲಿಸಿದ್ದಾರೆ. ಕುಂಜೂರು ಚೌಕಿಮನೆ, ಹರ್ಕೂರು ಮನೆ, ಕುಕನೂರಿನ ಕಮಲ ಮಹಲ್. ಕಂಬ ಮಾತ್ರ ಕೊಂಡು ಹೋಗುವ ವ್ಯಾಪಾರಿಗೂ ಇವರಿಗೂ ಇರುವ ವ್ಯತ್ಯಾಸ ಇದು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮಾಡು ಹೇಗೆ ಕೂತಿತ್ತೆಂಬ ಜ್ಞಾನವನ್ನೂ ಅವರು ಉಳಿಸಿದರು. ಅಂಥ ಕೆಲಸ ನಮ್ಮ ಸರ್ಕಾರಗಳಿಂದ ಆಗಿಲ್ಲ.

ಆದರೂ ಅಲ್ಲಿ ನಿಂತಾಗ ನನಗೆ ಒಂದು ಕೊರತೆ ಕಾಣುತ್ತದೆ. ಅಲ್ಲಿಗೆ ಬಂದು ನಿಂತದ್ದು ಹೆಚ್ಚಾಗಿ ಉಳ್ಳವರ ಮನೆಗಳು. ಅರಮನೆ, ಮಠ, ಚೌಕಿಮನೆ. ಅದಕ್ಕೆ ಕಾರಣವೂ ಉಂಟು: ಹಲಸಿನ ಕಂಬ ನೂರಾರು ವರ್ಷ ಬಾಳುತ್ತದೆ, ಒಕ್ಕಲಿನ ಮುಳಿಹುಲ್ಲಿನ ಮಾಡು ಎರಡು ಮಳೆಗಾಲಕ್ಕೆ ಕೊಳೆಯುತ್ತದೆ. ಉಳಿದದ್ದನ್ನು ಮಾತ್ರ ಸಂಗ್ರಹಿಸಲು ಸಾಧ್ಯ, ಒಪ್ಪುತ್ತೇನೆ. ಆದರೆ ಆ ಚೌಕಿಮನೆಯ ಅಂಗಳಕ್ಕೆ ಮುಡಿ ಹೊತ್ತು ಬಂದವರು ಎಲ್ಲಿ ಇಳಿಸುತ್ತಿದ್ದರು, ಯಾರು ಜಗಲಿ ಹತ್ತಬಹುದಿತ್ತು, ಯಾರು ಅಂಗಳದಲ್ಲೇ ನಿಲ್ಲಬೇಕಿತ್ತು ಎಂಬುದು ನನಗೆ ಕೆತ್ತನೆಯಷ್ಟೇ ಮುಖ್ಯ. ಮನೆಯ ರಚನೆಯಲ್ಲೇ ಅದು ಬರೆದುಕೊಂಡಿದೆ. ಅದನ್ನು ಓದಿ ಹೇಳುವವರು ಬೇಕು.

ಎರಡನೆಯದು ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ‘ತುಳು ಬದುಕು’ ವಸ್ತುಸಂಗ್ರಹಾಲಯ. ಇಲ್ಲಿ ಮಹಲು ಇಲ್ಲ. ಅಡುಗೆಮನೆ, ಗದ್ದೆ, ತೋಟದ ದಿನಬಳಕೆಯ ಸಾಮಾನು. ಅಡಿಕೆ ಹಾಳೆಯ ಮುಟ್ಟಾಳೆಯನ್ನೂ ಒಂದು ವಸ್ತುವೆಂದು ಗೌರವಿಸಿದ ಜಾಗ ಇದು. ಪೇಟೆಯ ಆಂಟಿಕ್ ಅಂಗಡಿಯಲ್ಲಿ ಮುಟ್ಟಾಳೆಗೆ ಕಿಮ್ಮತ್ತಿಲ್ಲ, ಯಾಕೆಂದರೆ ಅದು ಹಳತಾಗುವುದಿಲ್ಲ, ಹರಿದುಹೋಗುತ್ತದೆ. ಇತಿಹಾಸದ ಮೇಷ್ಟ್ರು ಸಂಗ್ರಹಿಸುವುದಕ್ಕೂ ಒಳಾಂಗಣ ವಿನ್ಯಾಸದವರು ಸಂಗ್ರಹಿಸುವುದಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಮೇಷ್ಟ್ರು ‘ಇದು ಎಂತದಕ್ಕೆ?’ ಎಂದು ಕೇಳುತ್ತಾರೆ, ಇನ್ನೊಬ್ಬರು ‘ಇದನ್ನು ಎಲ್ಲಿ ಇಡುವುದು?’ ಎಂದು ಕೇಳುತ್ತಾರೆ. ಸುಳ್ಯ, ಪುತ್ತೂರು ಕಡೆಯವರು ಮಂಗಳೂರಿಗೆ ಹೋಗುವ ದಾರಿಯಲ್ಲೇ ಬಿ.ಸಿ. ರೋಡ್ ಸಿಗುತ್ತದೆ. ಮಾಲ್‌ಗೆ ಹೋಗುವ ಮೊದಲು ಒಂದು ಗಂಟೆ ಅಲ್ಲಿ ಇಳಿಯಬಹುದು.

ಈಗ ಗೋಡಂಬಿಯ ವಿಷಯ. ಚೆನ್ನೆಮಣೆಯಲ್ಲಿ ಒಂದು ಬದಿಗೆ ಏಳರಂತೆ 14 ಗುಳಿ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಎರಡು ಜನ ಎದುರುಬದುರು ಕೂತು, ಒಂದು ಗುಳಿಯದ್ದನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಬಿತ್ತುತ್ತಾ ಹೋಗುವ ಆಟ. ಆಫ್ರಿಕಾದಲ್ಲಿ, ತಮಿಳುನಾಡಿನಲ್ಲಿ ಇದರ ನೆಂಟರಿದ್ದಾರೆ. ನಮ್ಮಲ್ಲಿ ಇದು ಆಟಿ ತಿಂಗಳ ಆಟ. ಹೊರಗೆ ಮಳೆ, ಗದ್ದೆ ಕೆಲಸ ಮುಗಿದು ಕೈ ಖಾಲಿ, ಅಕ್ಕಿಯೂ ಖಾಲಿಯಾಗುತ್ತಿದ್ದ ತಿಂಗಳು. ಆಗ ಮಣೆ ಇಳಿಯುತ್ತಿತ್ತು, ಆಟಿ ಮುಗಿದರೆ ಮತ್ತೆ ಅಟ್ಟಕ್ಕೆ.

ಅಕ್ಕ–ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಎಂದೊಂದು ನಂಬಿಕೆ ಉಂಟು. ಅದರ ಹಿಂದೆ ತುಳುವಿನ ಸಿರಿ ಪಾಡ್ದನ ಇದೆ. ಸಿರಿಯ ಸಂತತಿಯ ಅವಳಿಗಳಾದ ಅಬ್ಬಗ–ದಾರಗರು ಚೆನ್ನೆ ಆಡುತ್ತಾ ಜಗಳವಾಗಿ, ಅಕ್ಕ ಅಬ್ಬಗ ಅದೇ ಮಣೆಯಿಂದ ತಂಗಿಯ ತಲೆಗೆ ಹೊಡೆಯುತ್ತಾಳೆ. ದಾರಗ ಸಾಯುತ್ತಾಳೆ, ಅಬ್ಬಗ ಬಾವಿಗೆ ಹಾರುತ್ತಾಳೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ನಮ್ಮವರೇ ಆದ ಸಂಗಡಿಗರು ಮಾಚಾರು ಗೋಪಾಲ ನಾಯ್ಕರ ಬಾಯಿಂದ ಈ ಕಾವ್ಯವನ್ನು ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲು. ಗೋಪಾಲ ನಾಯ್ಕರದ್ದು ಪುಸ್ತಕ ನೋಡಿ ಕಲಿತದ್ದಲ್ಲ, ಅಷ್ಟೂ ನೆನಪಿನಲ್ಲಿದ್ದದ್ದು. ಇಷ್ಟು ದೊಡ್ಡ ಕಾವ್ಯದ ಕೊನೆಯ ದುರಂತಕ್ಕೆ ಕಾರಣವಾದ ಮಣೆಯನ್ನು ನಾವು ‘ರಸ್ಟಿಕ್ ಸರ್ವಿಂಗ್ ಟ್ರೇ’ ಮಾಡಿದ್ದೇವೆ. ಗೋಡಂಬಿ ಇಟ್ಟರೆ ಪಾಪ ಬರುತ್ತದೆ ಅಂತಲ್ಲ. ನಾನೂ ತಿಂದಿದ್ದೇನೆ. ಆದರೆ ಆ ಮನೆಯ ಮಗುವಿಗೆ ಗುಳಿ ಯಾಕೆ 14 ಉಂಟು ಎಂದು ಹೇಳುವವರೇ ಇಲ್ಲದಿದ್ದರೆ ನೀವು ಕೊಂಡದ್ದು ಬರೀ ಮರ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಡೇಟಾಬೇಸಿನ ಪೆಟ್ಟಿಗೆ ಬಂತು, ಡೇಟಾ ಹಳೇ ಸರ್ವರಿನಲ್ಲೇ ಉಳಿಯಿತು. ಆ ಸರ್ವರುಗಳಿಗೆ ಈಗ ಎಂಬತ್ತು ವರ್ಷ ದಾಟಿದೆ, ಕಿವಿ ಸರಿ ಕೇಳುವುದಿಲ್ಲ.

ಗೋಡೆಯ ಪಂಜುರ್ಲಿಯದ್ದು ಇನ್ನೂ ಸೂಕ್ಷ್ಮ. ದೈವದ ಮೊಗ, ಕಡ್ತಲೆ, ಗಗ್ಗರ ಇವೆಲ್ಲ ಸೇರಿದ್ದಕ್ಕೆ ನಮ್ಮಲ್ಲಿ ಭಂಡಾರ ಎನ್ನುತ್ತಾರೆ. ಯೋಚಿಸಿ ನೋಡಿದರೆ ಭಂಡಾರವೂ ಒಂದು ಸಂಗ್ರಹವೇ, ನಮ್ಮದೇ ಹಳೆಯ ಕ್ರಮದ ಸಂಗ್ರಹ. ವರ್ಷವಿಡೀ ಭಂಡಾರದ ಮನೆಯಲ್ಲಿ ಮುಚ್ಚಿಟ್ಟಿರುತ್ತದೆ. ನೇಮದ ದಿನ ಹೊರಡುತ್ತದೆ, ಮುಗಿದ ಮೇಲೆ ಹಿಂದೆ ಬರುತ್ತದೆ. ಯಾವುದನ್ನು ಯಾರು ಮುಟ್ಟಬೇಕು, ಯಾರು ಹೊರಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಕ್ರಮ ಉಂಟು. ಆ ಕ್ರಮದಲ್ಲಿ ಜಾತಿಯ ಗಟ್ಟಿ ಗೆರೆಗಳೂ ಇವೆ, ಅದನ್ನು ಚಂದ ಮಾಡಿ ಹೇಳಬೇಕಾಗಿಲ್ಲ. ಆದರೆ ಭಂಡಾರ ಒಬ್ಬನ ಸ್ವಂತದ್ದಲ್ಲ. ಜವಾಬ್ದಾರಿ ಮಾತ್ರ ಒಬ್ಬೊಬ್ಬರದ್ದು.

ಹಾಗಾದರೆ ದೈವದ ವಸ್ತು ಮ್ಯೂಸಿಯಮ್ಮಿಗೆ ಹೋಗಲೇಬಾರದೇ? ಅದಕ್ಕೆ ಉತ್ತರ ಸುಲಭ ಇಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಆಳೆತ್ತರದ ಕೆಂಪು ಮರದ ಮೂರ್ತಿಗಳು ಇದಕ್ಕೆ ಉದಾಹರಣೆ. ಹಳೆಯವು ಜೀರ್ಣವಾದಾಗ ಹೊಸತು ಕೆತ್ತಿಸಿದರು. ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಊರಿನ ಲೆಕ್ಕದಲ್ಲಿ ಶಕ್ತಿ ಹೊಸ ಮೂರ್ತಿಗೆ ಹೋಗಿದೆ, ಹಳತು ಬರೀ ಮರ. ದೆಹಲಿಯ ಲೆಕ್ಕದಲ್ಲಿ ಹಳತೇ ಕಲೆ, ಹೊಸತು ಬರೀ ನಕಲು. ಒಂದೇ ವಸ್ತುವಿಗೆ ಎರಡು ಲೆಕ್ಕ. ಅವು ದೆಹಲಿಗೆ ಹೋಗದಿದ್ದರೆ ಮಣ್ಣಾಗುತ್ತಿದ್ದವೋ ಏನೋ. ಹಾಗಾಗಿ ನಾನು ಆ ಸಂಗ್ರಹದ ಪರ. ಆದರೆ ಅಲ್ಲಿ ನಿಂತ ಮೂರ್ತಿಯ ಪಕ್ಕ ಎರಡೂ ಲೆಕ್ಕ ಬರೆದಿರಬೇಕು. ಊರು ಬಿಟ್ಟುಕೊಟ್ಟದ್ದು ಬೇರೆ, ಊರಿನಿಂದ ಕದ್ದದ್ದು ಬೇರೆ. ನಿಮ್ಮ ಗೋಡೆಯಲ್ಲಿರುವ ಫೈಬರ್ ಮುಖವಾದರೆ ಚಿಂತೆ ಇಲ್ಲ, ಅದು ಸಿನಿಮಾದ ನೆನಪು. ನಿಜವಾದ ಹಳೇ ಕಂಚಿನ ಮೊಗ ಯಾರಾದರೂ ಮಾರಲು ತಂದರೆ ಮೊದಲು ಕೇಳಬೇಕಾದದ್ದು ರೇಟಲ್ಲ, ಯಾವ ಊರಿನ ಭಂಡಾರದ್ದು ಅಂತ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ಅದರ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು, 75 ವರ್ಷ ದಾಟಿದ ಹಸ್ತಪ್ರತಿಗಳು ಪ್ರಾಚ್ಯವಸ್ತು. ಇವುಗಳ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಬೇಕು. ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದ ಗೆಳೆಯನ ಸೂಟ್‌ಕೇಸಿಗೆ ಅಜ್ಜಿಯ ಕಾಲದ್ದೇನಾದರೂ ತುಂಬಿಸುವ ಮೊದಲು ಇದು ನೆನಪಿರಲಿ.

ಹಳೇ ಸಾಮಾನಿನ ವ್ಯಾಪಾರಿಗಳು ಈಗ ಜಾಲ್ಸೂರಿಗೂ ಬರುತ್ತಾರೆ, ಪಿಕಪ್‌ನಲ್ಲಿ. ಹೋದ ವರ್ಷ ಒಬ್ಬ ನಮ್ಮ ಅಂಗಳದಲ್ಲಿ ನಿಂತು, ‘ಅಕ್ಕಾ, ಹಳತ್ತು ಎಂತಾದರೂ ಉಂಟಾ?’ ಎಂದು ಕೇಳಿದ.

ಅಮ್ಮ ಹೇಳಿದರು, ‘ಉಂಟು. ನಾನೇ ಇರುವುದು ಹಳತ್ತು. ಎಷ್ಟು ಕೊಡ್ತೀ?’

ಅವನು ನಕ್ಕು ಹೋದ. ಅಮ್ಮನದ್ದು ತಮಾಷೆಯಾದರೂ ಮಾತು ಸರಿಯೇ. ಆ ಮಣೆ ಮಾಡಿದ ಆಚಾರಿ ಯಾರು, ಮರ ಯಾವುದು, ಕೂಲಿ ದುಡ್ಡಿನಲ್ಲೋ ಭತ್ತದಲ್ಲೋ, ಚೆನ್ನೆಯಲ್ಲಿ ‘ಅರಸು ಆಟ’ ಹೇಗೆ, ಒಬ್ಬಳೇ ಕೂತು ಆಡುವ ‘ಸೀತೆ ಆಟ’ ಹೇಗೆ — ಇದೆಲ್ಲ ಗೊತ್ತಿರುವುದು ಅವರಿಗೆ. ಕೊಳ್ಳುವವರು ಅದನ್ನು ಕೇಳುವುದೇ ಇಲ್ಲ, ಅದನ್ನು ಪಿಕಪ್‌ಗೆ ಹಾಕಲಿಕ್ಕೆ ಆಗುವುದಿಲ್ಲವಲ್ಲ.

ಆದ್ದರಿಂದ ಸಂಗ್ರಹಿಸಬೇಡಿ ಎಂದು ನಾನು ಹೇಳುವುದಿಲ್ಲ. ಕೊಳ್ಳಿ, ಆದರೆ ಬಿಲ್ಲಿನ ಜೊತೆ ಒಂದು ಚೀಟಿ ಬರೆದಿಡಿ. ವಸ್ತುವಿನ ಊರಿನ ಹೆಸರೇನು, ಅದು ಎಂತ ಕೆಲಸ ಮಾಡುತ್ತಿತ್ತು, ಯಾರು ಮಾಡಿದ್ದು, ಆ ಮನೆಯಿಂದ ಯಾಕೆ ಹೊರಬಂತು. ನಾಲ್ಕಕ್ಕೂ ಉತ್ತರ ಸಿಗದಿರಬಹುದು. ಒಂದಕ್ಕೂ ಸಿಗದಿದ್ದರೆ ಮಾರುವವನನ್ನು ಅನುಮಾನಿಸಿ. ಹಳತೇ ಬೇಕೆಂಬ ಹಠವೂ ಬೇಡ. ಕರಾವಳಿಯಲ್ಲಿ ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗರು ಈಗಲೂ ಇದ್ದಾರೆ. ಅವರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಅವರ ಅಜ್ಜ ಹೆಣೆದ ಬುಟ್ಟಿಯನ್ನು ಗಾಜಿನೊಳಗೆ ಇಟ್ಟು ಮೊಮ್ಮಗನ ಬುಟ್ಟಿಗೆ ಚೌಕಾಸಿ ಮಾಡುವುದು ಎಂಥ ಕಲಾಪ್ರೇಮ?

ಇನ್ನು ಚೆನ್ನೆಮಣೆ ಇರುವವರಿಗೆ ಒಂದು ಸಣ್ಣ ಕೆಲಸ. ಆಟಿ ಬರುವುದು ಜುಲೈ–ಆಗಸ್ಟಿನಲ್ಲಿ. ಗೋಡಂಬಿಯನ್ನು ಬೇರೆ ತಟ್ಟೆಗೆ ಹಾಕಿ, 56 ಕಾಯಿ ಹುಡುಕಿ, ಊರಿಗೆ ಫೋನ್ ಮಾಡಿ ಆಟದ ನಿಯಮ ಕೇಳಿ. ವಿಡಿಯೋ ಕಾಲ್‌ನಲ್ಲೇ ಕಲಿಯಬಹುದು. ಸೋಲುವುದು ನೀವೇ, ಅದಕ್ಕೆ ತಯಾರಾಗಿರಿ.