ಶಿವಮೊಗ್ಗೆಯಿಂದ ಬಂದ ಜ್ವರ: ಮಾಸ್ಕಿನ ಕಾಲದಲ್ಲಿ ‘ಸಂಸ್ಕಾರ’ದ ಓದು

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಶಿವಮೊಗ್ಗೆಗೆ ಸಿಕ್ಕಿರುವ ಜಾಗ ತೀರಾ ಚಿಕ್ಕದು. ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದ, ಬಂದವನಿಗೆ ಜ್ವರ ಬಂತು, ನಾಲ್ಕು ದಿನದಲ್ಲಿ ತೀರಿಕೊಂಡ. ಕಾದಂಬರಿ ಇಷ್ಟು ಹೇಳಿ ದೂರ್ವಾಸಪುರದ ಅಗ್ರಹಾರದೊಳಗೆ ಹೊಕ್ಕರೆ ಮತ್ತೆ ಶಿವಮೊಗ್ಗೆಯ ಕಡೆಗೆ ತಿರುಗಿ ನೋಡುವುದಿಲ್ಲ. ಓದುಗರಾದ ನಾವೂ ನೋಡಿಲ್ಲ. ಹೆಣದ ಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆ ಎದುರಿಗೆ ಬಂದ ಮೇಲೆ ಅವನು ಸತ್ತದ್ದು ಯಾವ ರೋಗದಿಂದ ಎನ್ನುವುದು ಯಾರಿಗೂ ಮುಖ್ಯವಾಗಲಿಲ್ಲ. ನಮ್ಮ ವಿಮರ್ಶೆಯಲ್ಲಿ ಪ್ಲೇಗು ಹೆಚ್ಚಾಗಿ ಒಂದು ರೂಪಕ: ಕೊಳೆತ ಬ್ರಾಹ್ಮಣ್ಯದ ರೂಪಕ, ಒಳಗಿನಿಂದ ಸಾಯುತ್ತಿರುವ ವ್ಯವಸ್ಥೆಯ ರೂಪಕ. ಎಂ.ಎ. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಅಂಕ ತೆಗೆದುಕೊಂಡಿದ್ದೇನೆ.

ಆ ಓದು ತಪ್ಪೆಂದು ಈಗಲೂ ನಾನು ಹೇಳುವುದಿಲ್ಲ. ಆದರೆ 2020ರ ಮಾರ್ಚಿನ ನಂತರ ಅದು ಸಾಲುತ್ತಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ಓದಿದ ನನ್ನಂಥವರಿಗೆ ಕೊರೊನಾದ ಮೊದಲ ವಾರಗಳನ್ನು ಕಂಡ ಮೇಲೆ ಈ ಕಾದಂಬರಿಯಲ್ಲಿ ಬೇರೆ ಸಾಲುಗಳು ಎದ್ದು ಕಾಣತೊಡಗಿದವು. ಆ ವಾರಗಳಲ್ಲಿ ನಮ್ಮ ಜನ ಮಾಸ್ಕನ್ನು ಹೇಗೆ ಕಂಡರು, ದೂರ್ವಾಸಪುರದ ಜನ ಪ್ಲೇಗನ್ನು ಹೇಗೆ ಕಂಡರು ಎಂಬೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಮೊದಲು ವಾರಗಳ ಲೆಕ್ಕ. ಕರ್ನಾಟಕದ ಮೊದಲ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 9ರಂದು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮದೇ ಕಲಬುರಗಿಯ ಹಿರಿಯರೊಬ್ಬರದು. ಅದು ಖಚಿತವಾದದ್ದು ಮಾರ್ಚ್ 12ರಂದು. ಮರುದಿನವೇ ಕೇಂದ್ರ ಸರ್ಕಾರ ಮಾಸ್ಕು, ಸ್ಯಾನಿಟೈಸರುಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಮಾರ್ಚ್ 21ರಂದು ಎರಡು ಪದರದ ಮಾಸ್ಕಿಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಎಂದು ಬೆಲೆ ಕಟ್ಟಿತು. ಮಾರ್ಚ್ 22 ಜನತಾ ಕರ್ಫ್ಯೂ. 25ಕ್ಕೆ ಲಾಕ್‌ಡೌನ್ ಶುರುವಾಯಿತು. ಅಂದೇ ಯುಗಾದಿ. ಏಪ್ರಿಲ್ ಮೊದಲ ವಾರದಲ್ಲಿ ಮನೆಯಲ್ಲೇ ಬಟ್ಟೆಯ ಮಾಸ್ಕು ಹೊಲಿದು ಹಾಕಿಕೊಳ್ಳಿ ಎಂಬ ಸಲಹೆ ಬಂತು. ಆರೋಗ್ಯವಂತರಿಗೆ ಮಾಸ್ಕು ಬೇಕಿಲ್ಲ ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ ಜನಸಂದಣಿಯಲ್ಲಿ ಬಟ್ಟೆಯ ಮಾಸ್ಕು ಧರಿಸಿ ಎಂದು ಮಾತು ಬದಲಿಸಿದ್ದು ಜೂನ್ 5ರಂದು. ಶಿವಮೊಗ್ಗ ಜಿಲ್ಲೆ ಮೇ 10ರವರೆಗೂ ಹಸಿರು ವಲಯವಾಗಿತ್ತು. ಅಂದರೆ ರೋಗಕ್ಕಿಂತ ಎರಡು ತಿಂಗಳು ಮೊದಲೇ ಮಾಸ್ಕು ನಮ್ಮೂರಿಗೆ ಬಂದಿತ್ತು. ಒಂದೂ ಪ್ರಕರಣ ಇಲ್ಲದ ಊರಿನಲ್ಲಿ ಮಾಸ್ಕಿನ ಅರ್ಥವನ್ನು ನಿರ್ಧರಿಸಬೇಕಾದದ್ದು ಜನರ ಮಾತು ಮಾತ್ರ.

ಆ ಮಾತು ಎಷ್ಟು ಬೇಗ ಬದಲಾಯಿತು ಎನ್ನುವುದು ಗಮನಿಸಬೇಕಾದ ಸಂಗತಿ. ಮಾರ್ಚಿನ ಎರಡನೇ ವಾರದಲ್ಲಿ ಭದ್ರಾವತಿಯ ಬಸ್ಸಿನಲ್ಲಿ ಮಾಸ್ಕು ಹಾಕಿ ಕೂತರೆ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ನನ್ನನ್ನು ತಡೆದು, “ಯಾಕೋ ಮಗಾ, ಹುಷಾರಿಲ್ವಾ? ಹಂಗಾದ್ರೆ ಮನೇಲಿರೋದಲ್ವಾ?” ಎಂದು ಕೇಳಿದ್ದರು. ಮಾಸ್ಕು ಹಾಕಿದವನೇ ರೋಗಿ ಎಂಬುದು ಆಗಿನ ತಿಳಿವಳಿಕೆ. ಏಪ್ರಿಲ್ ಹೊತ್ತಿಗೆ ಅದು ಪೂರ್ತಿ ತಿರುಗುಮುರುಗಾಗಿ ಹಾಕದವನೇ ರೋಗ ಹರಡುವವನಾದ. ಅಕ್ಟೋಬರಿನಲ್ಲಂತೂ ಮಾಸ್ಕಿಲ್ಲದ ಮುಖಕ್ಕೆ ನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ 250, ಉಳಿದೆಡೆ 100 ರೂಪಾಯಿ ದಂಡ ನಿಗದಿಯಾಯಿತು. ಬಟ್ಟೆ ಅದೇ, ಮುಖಗಳೂ ಅವೇ. ನಡುವೆ ಬದಲಾದದ್ದು ಅನುಮಾನ ಪಡಬೇಕಾದದ್ದು ಯಾರನ್ನು ಎಂಬುದಷ್ಟೇ.

ಇಲ್ಲಿ ಭಾಷೆಯ ಕಡೆಗೂ ಕೊಂಚ ಗಮನ ಕೊಡಬೇಕು. ಪತ್ರಿಕೆಗಳು ‘ಮುಖಗವಸು’ ಎಂದು ಬರೆದವು. ಕೈಗವಸಿನ ದಾರಿಯಲ್ಲಿ ಬಂದ ಒಳ್ಳೆಯ ಪದವೇ ಅದು. ಆದರೂ ಬೀದಿಯಲ್ಲಿ ಗೆದ್ದದ್ದು ‘ಮಾಸ್ಕ್’. ಮೊದಲಿನಿಂದಲೂ ನಮ್ಮಲ್ಲಿದ್ದ ‘ಮುಖವಾಡ’ವನ್ನು ಯಾರೂ ಬಳಸಲಿಲ್ಲ. ಬಳಸುವಂತೆಯೂ ಇರಲಿಲ್ಲ. ನವ್ಯದ ಕಾಲದಿಂದ ಅದು ಸೋಗಲಾಡಿತನಕ್ಕೆ ಮೀಸಲಾಗಿಬಿಟ್ಟಿದೆ. ಮುಖವಾಡ ಕಳಚುವುದೇ ಸಾಹಿತ್ಯದ ಕೆಲಸ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಮುಖ ಮುಚ್ಚಿಕೊಳ್ಳುವುದು ಪ್ರಾಮಾಣಿಕತೆಯ ಕೆಲಸವೂ ಆಗಬಹುದು ಎಂಬುದಕ್ಕೆ ನಮ್ಮ ವಿಮರ್ಶೆಯ ಪರಿಭಾಷೆಯಲ್ಲಿ ಜಾಗವೇ ಇರಲಿಲ್ಲ.

ಜನಕ್ಕೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಇರಲಿಲ್ಲ, ಅದಕ್ಕೇ ಮಾಸ್ಕು ಗಲ್ಲಕ್ಕೆ ಇಳಿಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಣದಲ್ಲಿ ಭತ್ತ ತೂರುವವರು, ಅಡಿಕೆ ಚೀಲ ಹೊರುವವರು, ಕುಲುಮೆಯ ಹತ್ತಿರ ಕೆಲಸ ಮಾಡುವವರು ಮೂಗಿಗೆ ಟವೆಲ್ ಕಟ್ಟಿಕೊಂಡೇ ಬದುಕಿದವರು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ, ಕಾಗದ ಕಾರ್ಖಾನೆಗಳ ಊರಾದ ಭದ್ರಾವತಿಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಆ ಟವೆಲ್ ಕಣ್ಣಿಗೆ ಕಾಣುವ ದೂಳಿನಿಂದ ತನ್ನನ್ನು ಉಳಿಸಿಕೊಳ್ಳುವುದಕ್ಕೆ ಕಟ್ಟಿದ್ದು. ಕಣ್ಣಿಗೆ ಕಾಣದ ತನ್ನ ಉಸಿರಿನಿಂದ ಎದುರಿಗಿರುವವರನ್ನು ಉಳಿಸಲು ಬಟ್ಟೆ ಕಟ್ಟಿಕೊಳ್ಳುವುದು ಬೇರೆಯೇ ಮಾತು. ಅದಕ್ಕೆ ನಮ್ಮ ಸಮಾಜದಲ್ಲಿ ಒಂದು ಹಳೆಯ, ಕಹಿಯಾದ ಪೂರ್ವೇತಿಹಾಸವಿದೆ. ಪೇಶ್ವೆಗಳ ಆಳ್ವಿಕೆಯ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಅಂಬೇಡ್ಕರ್ ‘ಜಾತಿ ವಿನಾಶ’ದಲ್ಲಿ ದಾಖಲಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿಯೂ ಒಡೆಯರ ಮುಂದೆ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡಬೇಕಾಗಿದ್ದವರು ಯಾರೆಂದು ಎಲ್ಲರಿಗೂ ಗೊತ್ತು. ಉಸಿರು ಅಪಾಯಕಾರಿ ಎಂದು ನಾವು ಈ ಮೊದಲೂ ನಂಬಿದ್ದೆವು. ಆದರೆ ಯಾರ ಉಸಿರು ಎಂಬುದನ್ನು ಹುಟ್ಟಿನಿಂದಲೇ ತೀರ್ಮಾನಿಸಿಬಿಟ್ಟಿದ್ದೆವು.

ಇದನ್ನು ನೆನಪಿಟ್ಟುಕೊಂಡು ‘ಸಂಸ್ಕಾರ’ಕ್ಕೆ ಮರಳೋಣ. ಇಲಿಗಳು ಬಿಲದಿಂದ ಹೊರಬಂದು ಸಾಯುತ್ತವೆ, ಅವನ್ನು ಹುಡುಕಿಕೊಂಡು ಹದ್ದುಗಳು ಅಗ್ರಹಾರದ ಮಾಡಿನ ಮೇಲೆ ಬಂದು ಕೂರುತ್ತವೆ. ಬ್ರಾಹ್ಮಣರು ಶಂಖ ಊದಿ ಜಾಗಟೆ ಬಾರಿಸುತ್ತಾರೆ. ಹದ್ದುಗಳು ಹಾರಿಹೋಗುತ್ತವೆ, ಪ್ಲೇಗು ಹೋಗುವುದಿಲ್ಲ. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ನಮ್ಮ ಮಹಡಿ, ಜಗಲಿಗಳಿಂದ ತಟ್ಟೆ, ಗಂಟೆ, ಶಂಖಗಳ ಸದ್ದೆದ್ದಾಗ ಈ ಪುಟ ನೆನಪಾಗದ ಕನ್ನಡ ವಿದ್ಯಾರ್ಥಿ ಇರಲಿಕ್ಕಿಲ್ಲ. ಸದ್ದು ಮಾಡಿ ಎಂದು ಕೇಳಿದ್ದು ವೈದ್ಯರಿಗೆ, ದಾದಿಯರಿಗೆ, ಪೌರಕಾರ್ಮಿಕರಿಗೆ ಕೃತಜ್ಞತೆ ಹೇಳುವುದಕ್ಕೆ. ಆದರೆ ಕೆಲವೇ ಗಂಟೆಗಳಲ್ಲಿ, ಆ ನಾದಕ್ಕೆ ವೈರಸ್ ಸಾಯುತ್ತದೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಓಡಿದವು. ಇದನ್ನು ಮೂಢನಂಬಿಕೆ ಎಂದು ನಕ್ಕು ಮುಗಿಸುವುದು ಸುಲಭ. ನನಗೆ ಕಾಣುವುದು ಬೇರೆ: ಜಾಗಟೆ ಬಾರಿಸಿದರೆ ಶತ್ರು ಹೊರಗಡೆ ಇದ್ದಾನೆ, ನಾವು ಒಳಗಡೆ ಒಟ್ಟಾಗಿದ್ದೇವೆ ಎಂಬ ಸಮಾಧಾನ ಸಿಗುತ್ತದೆ. ಮಾಸ್ಕು ಅಂಥ ಸಮಾಧಾನ ಕೊಡುವುದಿಲ್ಲ. ಅದನ್ನು ಕಟ್ಟಿಕೊಳ್ಳಬೇಕಾದರೆ ರೋಗ ನನ್ನೊಳಗೇ ಇರಬಹುದು ಎಂದು ಒಪ್ಪಿಕೊಳ್ಳಬೇಕು. ಸದ್ದು ಮಾಡುವುದಕ್ಕಿಂತ ಬಾಯಿ ಮುಚ್ಚಿಕೊಳ್ಳುವುದು ಕಷ್ಟವಾದದ್ದು ಅದಕ್ಕೇ.

ಕಾದಂಬರಿಯಲ್ಲಿ ಪ್ಲೇಗನ್ನು ಪ್ಲೇಗೆಂದು ಗುರುತಿಸುವವನು ಒಬ್ಬನೇ, ಪಾರಿಜಾತಪುರದ ಮಂಜಯ್ಯ. ಶಿವಮೊಗ್ಗೆಯಲ್ಲಿ ಪ್ಲೇಗು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ನಾರಣಪ್ಪನ ಗೆಡ್ಡೆಯನ್ನೂ ಸತ್ತ ಇಲಿಗಳನ್ನೂ ಹದ್ದುಗಳನ್ನೂ ಅವನು ಕೂಡಿಸಿ ನೋಡುತ್ತಾನೆ. ತೀರ್ಥಹಳ್ಳಿಗೆ ಸುದ್ದಿ ಮುಟ್ಟಿಸಬೇಕು, ಡಾಕ್ಟರು ಬರಬೇಕು, ಚುಚ್ಚುಮದ್ದು ಹಾಕಿಸಬೇಕು ಎಂದು ಯೋಚಿಸುತ್ತಾನೆ. ವಿಮರ್ಶೆಯಲ್ಲಿ ಮಂಜಯ್ಯನ ಹೆಸರು ಎಷ್ಟು ಸಲ ಬಂದಿದೆ? ಪ್ರಾಣೇಶಾಚಾರ್ಯರ ಆತ್ಮಸಂಕಟದ ಮುಂದೆ ಅವನು ತೀರಾ ಲೌಕಿಕ, ಹಾಗಾಗಿ ಗೌಣ. 2020ರಲ್ಲಿ ಮಾತ್ರ ನಮಗೆ ಬೇಕಾಗಿದ್ದವನು ಅವನೇ. ಮನೆ ಮನೆಗೆ ಬಂದು ಜ್ವರ ಇದೆಯಾ, ಹೊರಗಿಂದ ಯಾರಾದರೂ ಬಂದಿದ್ದಾರಾ ಎಂದು ಬರೆದುಕೊಂಡು ಹೋದ ಆಶಾ ಕಾರ್ಯಕರ್ತೆಯರು ಅವನ ವಂಶದವರು.

ಇನ್ನು ಪ್ರಾಣೇಶಾಚಾರ್ಯ. ಹೆಂಡತಿ ಭಾಗೀರಥಿ ಪ್ಲೇಗಿನಿಂದ ಸತ್ತ ಮೇಲೆ ಅವಳ ದಹನ ಮುಗಿಸಿ ಹೊರಟವನು ಪುಟ್ಟನ ಜೊತೆ ಮೇಳಿಗೆಯ ತೇರಿಗೆ ಬರುತ್ತಾನೆ. ಜಾತ್ರೆಯ ಜನಜಂಗುಳಿಯಲ್ಲಿ ಸುತ್ತುತ್ತಾನೆ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾನೆ. ಅಲ್ಲಿ ಅವನನ್ನು ಕಾಡುವ ಭಯ ಒಂದೇ: ತಾನು ಸೂತಕದವನು, ತನ್ನಿಂದ ಪಂಕ್ತಿ ಮೈಲಿಗೆಯಾಗುತ್ತದೆ, ಯಾರಾದರೂ ಗುರುತು ಹಿಡಿದಾರು. ನಾವೂ ಉಸಿರು ಬಿಗಿಹಿಡಿದು ಇದೇ ಭಯವನ್ನು ಹಂಚಿಕೊಂಡು ಓದಿದ್ದೇವೆ. ತಾನು ಪ್ಲೇಗಿನ ಮನೆಯಿಂದ ಬಂದವನು, ಈ ಜನಕ್ಕೆ ಅದನ್ನು ಹೇಳಬೇಕು ಎನ್ನುವುದು ಅವನಿಗೆ ಹೊಳೆಯುವುದಿಲ್ಲ. ಐದು ದಶಕಗಳಿಗೂ ಮೀರಿದ ನಮ್ಮ ಚರ್ಚೆಗಳಲ್ಲಿಯೂ ಅದು ಮುಖ್ಯ ಪ್ರಶ್ನೆಯಾಗಲಿಲ್ಲ. ಗೆಡ್ಡೆ ಪ್ಲೇಗು ಹರಡುವುದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟಗಳಿಂದ, ಹಾಗಾಗಿ ಆಚಾರ್ಯರ ಮೇಲೆ ಸೋಂಕು ಹರಡಿದ ಆರೋಪ ಹೊರಿಸುವ ಉದ್ದೇಶ ನನಗಿಲ್ಲ. ಆದರೆ ಮೈಲಿಗೆಯ ಕಲ್ಪನೆ ಎಷ್ಟು ದಟ್ಟವಾಗಿತ್ತೆಂದರೆ ಅದು ಸೋಂಕಿನ ಕಲ್ಪನೆಗೆ ಜಾಗವನ್ನೇ ಬಿಡಲಿಲ್ಲ. ಇದು ಪಾತ್ರದ ಮಿತಿಯಷ್ಟೇ ಅಲ್ಲ, ನಮ್ಮ ಓದಿನ ಮಿತಿಯೂ ಹೌದು.

ಈ ಕಾರಣಕ್ಕೇ, ‘ಮಡಿಯೇ ವಿಜ್ಞಾನ, ಹಿರಿಯರು ಅಂದೇ ಅಂತರ ಹೇಳಿಕೊಟ್ಟಿದ್ದರು’ ಎಂದು ಆ ದಿನಗಳಲ್ಲಿ ಕೇಳಿಬಂದ ಹೆಮ್ಮೆಗೆ ಕಾದಂಬರಿಯಲ್ಲೇ ಉತ್ತರವಿದೆ. ದೂರ್ವಾಸಪುರಕ್ಕಿಂತ ಮಡಿಯ ಊರು ಇನ್ನೊಂದಿಲ್ಲ, ಪ್ಲೇಗನ್ನು ಗುರುತಿಸಲಾರದ ಊರೂ ಅದೇ. ಮಡಿಗೆ ಬೇಕಾದದ್ದು ‘ನಾನು ಶುದ್ಧ, ನೀನು ಅಶುದ್ಧ’ ಎಂಬ ಖಾತ್ರಿ. ಮಾಸ್ಕಿನ ತರ್ಕ ನಿಂತಿರುವುದು ನಮ್ಮಿಬ್ಬರಲ್ಲಿ ಯಾರಿಗೂ ಇರಬಹುದು ಎಂಬ ಅನಿಶ್ಚಯದ ಮೇಲೆ. ಹೊರನೋಟಕ್ಕೆ ಎರಡೂ ದೂರ ನಿಲ್ಲುವುದೇ ಆದರೂ ಒಂದು ಇನ್ನೊಂದರ ವಿರುದ್ಧ. ‘ಸಾಮಾಜಿಕ ಅಂತರ’ ಎಂಬ ಅನುವಾದ ಕನ್ನಡದ ಕಿವಿಗೆ ಕರ್ಕಶವಾಗಿ ಕೇಳಿದ್ದು ಇದರಿಂದಲೇ. ಆ ಅಂತರ ನಮ್ಮಲ್ಲಿ ಬೇಕಾದಷ್ಟಿತ್ತು. ಆಗ ಬೇಕಾಗಿದ್ದದ್ದು ದೈಹಿಕ ಅಂತರ.

ಅಂತರ ಯಾರನ್ನು ಕಾಣದಂತೆ ಮಾಡುತ್ತದೆ ಎಂಬುದನ್ನೂ ಕಾದಂಬರಿ ತೋರಿಸಿದೆ. ಅಗ್ರಹಾರದಲ್ಲಿ ಒಂದು ಹೆಣದ ಚರ್ಚೆ ನಡೆಯುತ್ತಿರುವಾಗಲೇ ಹೊಲೆಗೇರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಯುತ್ತಾರೆ, ಹೆಣಗಳ ಸಮೇತ ಗುಡಿಸಲುಗಳಿಗೆ ಬೆಂಕಿ ಇಡಲಾಗುತ್ತದೆ. ಬೆಳ್ಳಿಯ ಅಪ್ಪ ಅಮ್ಮ ಹೋದದ್ದೂ ಹೀಗೆಯೇ. ಅವರಿಗೆ ಕಾದಂಬರಿ ಕೊಡುವುದು ಕೆಲವೇ ಸಾಲು. ಆ ಕೆಲವು ಸಾಲುಗಳೇ ಅಗ್ರಹಾರದ ಮೇಲಿನ ಅತ್ಯಂತ ಕಠಿಣ ಟೀಕೆ ಎಂದು ನನಗೆ ಈಗ ಅನ್ನಿಸುತ್ತದೆ. ಎಲ್ಲರೂ ಮನೆಯಲ್ಲಿರಿ ಎಂದ 2020ರಲ್ಲಿ ಹೆದ್ದಾರಿಗಳಲ್ಲಿ ಗಂಟು ಹೊತ್ತು ನಡೆದವರನ್ನು ನೆನೆದರೆ ಆ ಸಾಲುಗಳ ಭಾರ ಇನ್ನೂ ಹೆಚ್ಚುತ್ತದೆ.

ನಾರಣಪ್ಪನ ಹೆಣವನ್ನು ಕೊನೆಗೂ ಸುಟ್ಟವರು ಯಾರು? ಚಂದ್ರಿ ಮೊದಲು ಗಾಡಿ ಹೊಡೆಯುವವನ ಬಳಿ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಎಂದು ಅವನು ಹೆದರುತ್ತಾನೆ. ರಾತ್ರೋರಾತ್ರಿ ಅವಳ ಜೊತೆ ಬಂದು ಆ ಕೆಲಸ ಮುಗಿಸುವವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. 2020ರ ಏಪ್ರಿಲಿನಲ್ಲಿ ಕೊರೊನಾಕ್ಕೆ ಒಂದು ಧರ್ಮದ ಹೆಸರಿಟ್ಟು ಗಾಡಿಯ ಮೇಲೆ ತರಕಾರಿ ಮಾರುವವರನ್ನೂ ಬೀದಿಯಿಂದ ಓಡಿಸಿದ ಮಾತುಗಳು ನಮ್ಮ ಸುತ್ತ ಇದ್ದವು. ಆಮೇಲೆ, ಮನೆಯವರೇ ಮುಟ್ಟಲು ಹಿಂಜರಿದ ಕೋವಿಡ್ ಶವಗಳನ್ನು ಕರ್ನಾಟಕದ ಹಲವು ಊರುಗಳಲ್ಲಿ ಮುಸ್ಲಿಂ ಯುವಕರು ನಿಂತು ಸಂಸ್ಕಾರ ಮಾಡಿದ್ದನ್ನೂ ಕಂಡೆವು. ಊರಿನ ಹೆಸರೊಂದು ಕಾಯಿಲೆಗೆ ಅಂಟಿಕೊಂಡರೆ ಏನಾಗುತ್ತದೆಂದು ಶಿವಮೊಗ್ಗದವರಿಗಂತೂ ಗೊತ್ತಿರಬೇಕಿತ್ತು. 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಇಂದಿಗೂ ಜಗತ್ತಿನ ವೈದ್ಯಗ್ರಂಥಗಳು ಕರೆಯುವುದು ನಮ್ಮ ಕ್ಯಾಸನೂರು ಕಾಡಿನ ಹೆಸರಿನಿಂದಲೇ. ಕ್ಯಾಸನೂರಿನವರು ಆ ರೋಗವನ್ನು ಹುಟ್ಟಿಸಿದವರಲ್ಲ, ಅದಕ್ಕೆ ಮೊದಲು ಬಲಿಯಾದವರು.

ಆಲ್ಬರ್ಟ್ ಕಮೂನ ‘ದಿ ಪ್ಲೇಗ್’ (1947) ಕಾದಂಬರಿಯಲ್ಲೊಂದು ಸಣ್ಣ ಸಂದರ್ಭವಿದೆ. ಆಸ್ಪತ್ರೆಯೊಳಗೆ ಹೋಗುವಾಗ ತಾರೂ ಪತ್ರಕರ್ತ ರ‍್ಯಾಂಬೇರನಿಗೆ ಮಾಸ್ಕು ಕೊಡುತ್ತಾನೆ. ಇದರಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೆ, ಇಲ್ಲ, ಆದರೆ ಬೇರೆಯವರಿಗೆ ಧೈರ್ಯ ಬರುತ್ತದೆ ಎಂಬರ್ಥದ ಉತ್ತರ ಕೊಡುತ್ತಾನೆ. ಕೊರೊನಾ ವಿಷಯದಲ್ಲಿ ಮಾಸ್ಕಿನಿಂದ ಉಪಯೋಗವಿತ್ತು. ಆದರೆ ಆ ಉತ್ತರದ ಎರಡನೇ ಅರ್ಧ ನಮಗೂ ಹೊಂದುತ್ತದೆ. ಎದುರಿಗಿರುವ ಅಪರಿಚಿತನಿಗೆ ‘ನಿನ್ನ ಜೀವದ ಲೆಕ್ಕ ನನಗಿದೆ’ ಎಂದು ಹೇಳಲು ಆ ವಾರಗಳಲ್ಲಿ ನಮ್ಮ ಬಳಿ ಇದ್ದ ದಾರಿ ಆ ತುಂಡು ಬಟ್ಟೆ. ಹಳೆಯ ರವಿಕೆ ಬಟ್ಟೆಯಲ್ಲಿ ಮಾಸ್ಕು ಹೊಲಿದು ಅಕ್ಕಪಕ್ಕದ ಮನೆಗಳಿಗೆ ಹಂಚಿದ ಹೆಂಗಸರು ನಮ್ಮ ಬೀದಿಯಲ್ಲೂ ಇದ್ದರು. ಅವರಿಗೆ ಇದನ್ನು ಯಾವ ಸಿದ್ಧಾಂತವೂ ಕಲಿಸಿರಲಿಲ್ಲ.

ತರಗತಿಗಳಲ್ಲಿ ‘ಸಂಸ್ಕಾರ’ ಪಾಠವಾಗುವಾಗ ಇನ್ನು ಮುಂದಾದರೂ ಪ್ರಾಣೇಶಾಚಾರ್ಯರ ಜೊತೆಗೆ ಮಂಜಯ್ಯನನ್ನು, ಅಹಮದ್ ಬ್ಯಾರಿಯನ್ನು, ಸುಟ್ಟ ಗುಡಿಸಲುಗಳನ್ನು ಪರೀಕ್ಷೆಯ ಪ್ರಶ್ನೆಗಳೊಳಗೆ ತರಬೇಕು. ಪ್ಲೇಗನ್ನು ರೂಪಕವಾಗಿ ಓದಿ. ಆದರೆ ಅದಕ್ಕೂ ಮೊದಲು ಅದನ್ನು ರೋಗವಾಗಿ ಓದಿ. ಶಿವಮೊಗ್ಗೆಯಲ್ಲಿ ಆ ಜ್ವರದಿಂದ ಸತ್ತವರು ಯಾರು ಎಂಬುದನ್ನು ಕಾದಂಬರಿ ಹೇಳುವುದಿಲ್ಲ. ಕೇಳಿಕೊಳ್ಳಬೇಕಾದವರು ಓದುಗರು.