ಬೇಡುವ ಭಾಷೆ, ‘ಬೇಡ’ ಎನ್ನುವ ಭಾಷೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿ ಹಾದು ಹೋಗುತ್ತದೆ. ಮೂರೂ ಊರಿಗೆ ಒಂದೇ ಜಿಲ್ಲೆ, ಒಂದೇ ಬಿಸಿಲು, ಹೆಚ್ಚುಕಡಿಮೆ ಒಂದೇ ಮಾತು. ಲೋಕಸಭೆಯ ವಿಷಯ ಬಂದಾಗ ಮಾತ್ರ ದಾರಿ ಬೇರೆ. ಸಿಂಧನೂರು, ಮಸ್ಕಿ ಇರುವುದು ಕೊಪ್ಪಳ ಕ್ಷೇತ್ರದಲ್ಲಿ. ಲಿಂಗಸುಗೂರು ರಾಯಚೂರು ಕ್ಷೇತ್ರದಲ್ಲಿ. ಅದೇ ರಾಯಚೂರು ಕ್ಷೇತ್ರದೊಳಗೆ ಶಹಾಪುರ ತಾಲ್ಲೂಕಿನ ಗೋಗಿಯೂ ಬರುತ್ತದೆ. ಗೋಗಿಯ ನೆಲದಡಿ ಯುರೇನಿಯಂ ಅದಿರು ಇದೆ, ಅದನ್ನು ತೆಗೆಯುವ ಯೋಜನೆಗೆ ಅಲ್ಲಿ ವಿರೋಧವೂ ಇದೆ. ಹಾಗಾಗಿ ಅಣುಶಕ್ತಿಯ ಬಗ್ಗೆ ನಮ್ಮ ಸಂಸದರ ನಿಲುವೇನು ಎಂದು ಕೇಳುವುದು ಲಿಂಗಸುಗೂರಿನ ಮತದಾರನಿಗೆ ದೂರದ ದಿಲ್ಲಿಯ ಪ್ರಶ್ನೆಯಲ್ಲ, ನೆರೆಯ ಊರಿನ ಪ್ರಶ್ನೆ.

ಓದುಗರ ಪತ್ರ, ಮನವಿಪತ್ರ, ಬಹಿರಂಗ ಪತ್ರಗಳನ್ನು ಸಾಹಿತ್ಯದ ಒಂದು ಪ್ರಕಾರವೆಂದು ಓದಲು ಹೊರಟಾಗ ನನ್ನನ್ನು ಕಾಡಿದ್ದು ಈ ಪ್ರಶ್ನೆಯ ಗೈರುಹಾಜರಿ. ಕಾಲುವೆಯ ನೀರು, ಜೆಸ್ಕಾಂನ ತ್ರೀ ಫೇಸ್ ಕರೆಂಟು, ಹಾಳಾದ ರಸ್ತೆ, ಭತ್ತದ ಖರೀದಿ ಕೇಂದ್ರ ಇವುಗಳ ಬಗ್ಗೆ ನಮ್ಮ ಮತದಾರ ದಣಿಯದೆ ಬರೆಯುತ್ತಾನೆ. ಆದರೆ ‘ನೀವು ಲೋಕಸಭೆಯಲ್ಲಿ ಹಾಕಿದ ಮತ ನನಗೆ ಒಪ್ಪಿಗೆಯಿಲ್ಲ’ ಎಂದು ಬರೆದವರು, ನಾನು ಓದಿದ ಮಟ್ಟಿಗೆ, ತೀರಾ ಅಪರೂಪ. ಇದಕ್ಕೆ ಮತದಾರನ ಅಜ್ಞಾನವೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ.

2008ರ ಜುಲೈ 22ನ್ನು ನೆನೆಯೋಣ. ಅಮೆರಿಕದ ಜೊತೆಗಿನ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಿದ್ದವು. ಮನಮೋಹನ ಸಿಂಗ್ ಸರ್ಕಾರ ವಿಶ್ವಾಸಮತವನ್ನು 275–256ರಿಂದ ಗೆದ್ದಿತು. ಆ ದಿನಗಳಿಂದ ಜನರ ನೆನಪಲ್ಲಿ ಉಳಿದದ್ದು ಸದನದಲ್ಲಿ ಎತ್ತಿ ತೋರಿಸಿದ ನೋಟಿನ ಕಂತೆಗಳು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ರಾಹುಲ್ ಗಾಂಧಿಯವರ ಭಾಷಣದಲ್ಲಿ ಬಂದ ಕಲಾವತಿ. ವಿದರ್ಭದ ಈ ಬಡ ರೈತ ವಿಧವೆಯ ಬದುಕನ್ನು ದೇಶದ ಇಂಧನದ ಕೊರತೆಗೆ, ಆ ಕೊರತೆಯನ್ನು ಅಣು ಒಪ್ಪಂದಕ್ಕೆ ಅವರು ಜೋಡಿಸಿದರು. ಕಥನವಾಗಿ ಇದು ಪರಿಣಾಮಕಾರಿ, ಒಪ್ಪೋಣ. ಆದರೆ ಆ ಕಥೆಯಲ್ಲಿ ಕಲಾವತಿಗೆ ಮಾತಿಲ್ಲ. ಅವಳು ಉದಾಹರಣೆ ಮಾತ್ರ. ಒಪ್ಪಂದ ಬೇಕೇ ಎಂದು ಅವಳನ್ನು ಕೇಳುವ ಸಾಲಿಗೆ ಆ ಭಾಷಣದಲ್ಲಿ ಜಾಗವಿರಲಿಲ್ಲ. (ರಾಯಚೂರಿನವರಿಗೆ ಈ ತರ್ಕದಲ್ಲಿ ಇನ್ನೊಂದು ಬಿರುಕೂ ಕಾಣುತ್ತದೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಎಂಬತ್ತರ ದಶಕದಿಂದ ನಮ್ಮ ಜಿಲ್ಲೆಯಲ್ಲೇ ಕಲ್ಲಿದ್ದಲು ಸುಡುತ್ತಿದೆ. ಪಂಪ್‌ಸೆಟ್ಟಿನ ಮುಂದೆ ನಡುರಾತ್ರಿ ಕರೆಂಟಿಗೆ ಕಾದು ಕೂತವನಿಗೆ ವಿದ್ಯುತ್ ಎಲ್ಲಿ ಹುಟ್ಟುತ್ತದೆ ಎನ್ನುವುದಕ್ಕಿಂತ ಎಲ್ಲಿಗೆ ಹೋಗುತ್ತದೆ ಎನ್ನುವುದೇ ದೊಡ್ಡ ಪ್ರಶ್ನೆ.)

ಕರ್ನಾಟಕದ ಮಟ್ಟಿಗೆ ಆ ದಿನದ ದೊಡ್ಡ ಸುದ್ದಿ ಎಚ್.ಟಿ. ಸಾಂಗ್ಲಿಯಾನ. ಪೊಲೀಸ್ ಅಧಿಕಾರಿಯಾಗಿದ್ದಾಗಲೇ ಅವರ ಹೆಸರಿನಲ್ಲಿ ಸಿನಿಮಾ ಬಂದಿತ್ತು, 1988ರ ‘ಸಾಂಗ್ಲಿಯಾನ’ದ ಶಂಕರ್‌ನಾಗ್‌ರನ್ನು ನಮ್ಮ ಕಡೆಯ ಟೆಂಟುಗಳೂ ಕಂಡಿವೆ. 2004ರಲ್ಲಿ ಅವರು ಬೆಂಗಳೂರು ಉತ್ತರದಿಂದ ಬಿಜೆಪಿ ಅಭ್ಯರ್ಥಿಯಾಗಿ ನಿಂತು ಜಾಫರ್ ಷರೀಫ್ ಅವರಂಥ ಹಿರಿಯರನ್ನು ಸೋಲಿಸಿದರು. ಮತ ಬಿದ್ದದ್ದು ಪಕ್ಷಕ್ಕೋ, ತೆರೆಯ ಮೇಲಿನ ಖಾಕಿಗೋ ಹೇಳುವುದು ಕಷ್ಟ. ಅದೇ ಸಾಂಗ್ಲಿಯಾನ 2008ರಲ್ಲಿ ಪಕ್ಷದ ವಿಪ್ ಮುರಿದು ಸರ್ಕಾರದ ಪರ ಮತ ಹಾಕಿದರು. ಪಕ್ಷ ಉಚ್ಚಾಟಿಸಿತು. 2009ರಲ್ಲಿ ಬೆಂಗಳೂರು ಕೇಂದ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತು ಸೋತರು.

ಬೆಂಗಳೂರು ಉತ್ತರದ ಒಬ್ಬ ಮತದಾರನನ್ನು ಊಹಿಸಿಕೊಳ್ಳಿ. ಬಿಜೆಪಿಗೆಂದು ಮತ ಹಾಕಿದವನಿಗೆ ಇದು ದ್ರೋಹ. ಒಪ್ಪಂದ ಬೇಕೆಂದಿದ್ದವನಿಗೆ ಇದು ಧೈರ್ಯ. ಇಬ್ಬರೂ ತಮ್ಮ ಸಿಟ್ಟು, ಮೆಚ್ಚುಗೆಗಳನ್ನು ಹೇಳಬೇಕಾದ ವಿಳಾಸ ಯಾವುದು? 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಸಂಸದ ಲೆಕ್ಕ ಒಪ್ಪಿಸಬೇಕಾದದ್ದು ವಿಪ್ ಕೊಟ್ಟ ಪಕ್ಷಕ್ಕೆ. ವಿಪ್ ಮುರಿದರೆ ಕೇಳುವವರು ಪಕ್ಷದವರು. ಕ್ಷೇತ್ರದ ಮಾತು ಮುರಿದರೆ ಕೇಳಲು ಐದು ವರ್ಷ ಕಾಯಬೇಕು. ಕನ್ನಡದಲ್ಲಿ ‘ಮತ’ ಎಂದರೆ ಓಟೂ ಹೌದು, ಅಭಿಪ್ರಾಯವೂ ಹೌದು. ನಮ್ಮ ಸಂಸದೀಯ ವ್ಯವಸ್ಥೆ ಮೊದಲನೆಯ ಅರ್ಥವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟಿದೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಕೆಲಸವಿದೆ. ನಮ್ಮ ಮನವಿಪತ್ರದ ಭಾಷೆಯನ್ನೇ ನೋಡಿ: ‘ಮಾನ್ಯರೇ, ತಮ್ಮ ಅಮೂಲ್ಯ ಸಮಯವನ್ನು’, ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’, ‘ದಯಮಾಡಿ ಕೃಪೆ ತೋರಬೇಕಾಗಿ’. ಇದು ಕಚೇರಿಯ ಅರ್ಜಿಯಿಂದ ಬಂದ ಭಾಷೆ, ಅದಕ್ಕೂ ಹಿಂದೆ ದರ್ಬಾರಿನಿಂದ ಬಂದದ್ದು. ಇದರಲ್ಲಿ ಏನನ್ನು ಬೇಕಾದರೂ ಬೇಡಬಹುದು. ‘ಬೇಡ’ ಎನ್ನಲು ಮಾತ್ರ ಬರುವುದಿಲ್ಲ. ರಸ್ತೆ ಬೇಡುವುದಕ್ಕೆ ಈ ಭಾಷೆ ಸಾಕು. ಒಪ್ಪಂದ ಬೇಡ, ಗಣಿ ಬೇಡ, ನೀವು ಹಾಕಿದ ಮತ ನನ್ನದಲ್ಲ ಎನ್ನುವುದಕ್ಕೆ ವಾಕ್ಯವೇ ಕೂಡಿಬರುವುದಿಲ್ಲ. ಹೀಗಾಗಿ ನಮ್ಮ ಸಿಟ್ಟೆಲ್ಲ ಪತ್ರದ ಹೊರಗೆ, ಚಾದಂಗಡಿಯಲ್ಲಿ, ‘ಇವ್ರಿಗೆ ಓಟ್ ಹಾಕಿ ತಪ್ಪ್ ಮಾಡಿದ್ವಿ ನೋಡ್ರಿ’ ಎಂಬಲ್ಲಿಗೆ ಮುಗಿಯುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಹೇಳಿ ಪ್ರಜೆಗಳಿಗೆ ಬರೆಸಿದ ಮಾತು ಇವತ್ತಿಗೂ ಇದೆ. ಪ್ರಜೆಗಳು ಏನೆಂದರು ಎನ್ನುವುದನ್ನು ಯಾವ ಬಂಡೆಯೂ ಹೇಳುವುದಿಲ್ಲ.

ಈ ಭಾಷೆಯನ್ನು ಮುರಿದ ಕನ್ನಡ ಲೇಖಕರೊಬ್ಬರು ನೆನಪಾಗುತ್ತಾರೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು ಮನವಿ ಸಲ್ಲಿಸಿ ಸುಮ್ಮನಾಗಲಿಲ್ಲ. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ತಾವೇ ನಿಂತರು. ಸೋತರು, ಸ್ಥಾವರವೂ ಬಂತು. ಕಾರಂತರ ಬಗೆಗಿನ ನಮ್ಮ ವಿಮರ್ಶೆ ಈ ಸ್ಪರ್ಧೆಯನ್ನು ಅಜ್ಜನ ಹಟವೆಂಬಂತೆ ಜೀವನಚರಿತ್ರೆಯ ಒಂದು ಮೂಲೆಗೆ ಸರಿಸಿದೆ. ಅದು ಅನ್ಯಾಯ. ಅಣುಶಕ್ತಿಯ ಪ್ರಶ್ನೆಯನ್ನು ತಜ್ಞರ ಕೈಯಿಂದ ಕಿತ್ತು ಮತಪತ್ರದ ಮೇಲೆ ಇಟ್ಟದ್ದು ಅವರ ಬರಹದಷ್ಟೇ ಗಂಭೀರವಾದ ಕೃತಿ. ಅದಕ್ಕೆ ಓದುಗರು ಕಡಿಮೆಯಾದರು, ಅಷ್ಟೇ.

ಮತದಾರನಿಗೆ ‘ಬೇಡ’ ಎನ್ನಲು ಬರುವುದೇ ಇಲ್ಲ ಎನ್ನಲು ಮಸ್ಕಿಯೇ ಬಿಡುವುದಿಲ್ಲ. 2018ರಲ್ಲಿ ಇಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ಸಿನಿಂದ ಗೆದ್ದದ್ದು 213 ಮತಗಳಿಂದ, ಬಿಜೆಪಿಯ ಬಸನಗೌಡ ತುರ್ವಿಹಾಳರ ಎದುರು. ಮರುವರ್ಷವೇ ರಾಜೀನಾಮೆ, ಆಮೇಲೆ ಬಿಜೆಪಿ. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಪಕ್ಷ ಅದಲುಬದಲಾಗಿ ಎದುರುಬದುರಾದರು. 5ಎ ಕಾಲುವೆಗಾಗಿ ರೈತರು ಧರಣಿ ಕೂತಿದ್ದ ಕಾಲ ಅದು. ತುರ್ವಿಹಾಳರು 30,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಇಲ್ಲಿ ಮತ ಎಂಬುದು ಎರಡೂ ಅರ್ಥದಲ್ಲಿ ಕೆಲಸ ಮಾಡಿತು. ಆದರೆ ನೀರಿನ ಪ್ರಶ್ನೆಗೆ ಹೊಲವಿತ್ತು, ಧರಣಿಯ ಪೆಂಡಾಲಿತ್ತು, ಹಾಡಿತ್ತು, ಬೈಗುಳವೂ ಇತ್ತು.

ಯುರೇನಿಯಂಗೆ ಕನ್ನಡದಲ್ಲಿ ಇನ್ನೂ ಬೈಗುಳವೂ ಹುಟ್ಟಿಲ್ಲ. ನಮ್ಮ ಪಠ್ಯಗಳಲ್ಲಿ ಅದು ವಿಜ್ಞಾನ ಲೇಖನದ ಪದ, ಪತ್ರಿಕೆಗಳಲ್ಲಿ ಒಳಪುಟದ ಪದ. ಮುದಗಲ್ಲಿನ ಮೊಹರಂ ಪದಗಳು ಹೊಸ ಕಾಲದ ಸಂಗತಿಗಳನ್ನೂ ಒಳಗೆ ಕರೆದುಕೊಳ್ಳಬಲ್ಲವು. ಗೋಗಿ ಅಲ್ಲಿಗೆ ತೀರಾ ದೂರವೇನಲ್ಲ. ಲಿಂಗಸುಗೂರಿನ ಯಾರಾದರೂ ತಮ್ಮ ಸಂಸದರಿಗೆ ‘ಸವಿನಯ ಪ್ರಾರ್ಥನೆ’ ಬಿಟ್ಟು ಒಂದು ಪತ್ರ ಬರೆದರೆ, ಅದನ್ನು ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವಾಗಿ ಓದಲು ಸಿದ್ಧನಿದ್ದೇನೆ.